ಸಮಯದ ಅಭಾವದಿಂದ

ನಮ್ಮ ಮನೆಯಲ್ಲಿ ತರಕಾರಿ ತರುವ ಚೀಲದ ಮೇಲೆ 'ಬಾಯಿಯ ಆರೋಗ್ಯ: ಒಂದು ದಿನದ ಕಾರ್ಯಾಗಾರ' ಎಂದು ಅಚ್ಚಾಗಿದೆ. ಅದರಲ್ಲಿ ಸೊಪ್ಪು ಬರುತ್ತದೆ, ಬದನೆಕಾಯಿ ಬರುತ್ತದೆ, ಒಮ್ಮೊಮ್ಮೆ ಹಲ್ಲಿಗೆ ಅಂಟಿಕೊಳ್ಳುವ ಬೆಲ್ಲವೂ ಬರುತ್ತದೆ. ಇಸ್ತ್ರಿಗೆ ಬಟ್ಟೆ ಹೋಗುವುದು ಜೇನು ಸಾಕಣೆಯ ಚೀಲದಲ್ಲಿ. ರಾಗಿ ಬೀಸಿಸಲು ಮಿಲ್ಲಿಗೆ ಹೋಗುವ ದಪ್ಪ ಚೀಲ ಹಳೆಯ ನಾಣ್ಯ ಸಂಗ್ರಹಿಸುವವರ ಸಮ್ಮೇಳನದ್ದು. ಅದನ್ನು ನೋಡಿ ಮಿಲ್ಲಿನವನು ಅಪ್ಪನನ್ನು ಕೇಳಿದನಂತೆ, "ಏನ್ ಸಾರ್, ನಾಣ್ಯ ನುಣ್ಣಗೆ ಬೀಸ್ಬೇಕಾ, ತರಿ ಇರ್ಲಾ?"

ಈ ಚೀಲಗಳೆಲ್ಲ ನನ್ನ ಸಂಪಾದನೆ. ತೊಂಬತ್ತರ ದಶಕದ ಕೊನೆಯಿಂದ ಕೆಲವು ವರ್ಷ, ತುಮಕೂರು, ಗುಬ್ಬಿ, ಕುಣಿಗಲ್‌ಗಳಲ್ಲಿ ಸಮ್ಮೇಳನ, ಸಂಕಿರಣ, ಕಮ್ಮಟ, ಶಿಬಿರ ಎಂಬ ಹೆಸರಿಟ್ಟುಕೊಂಡು ನಡೆದ ಯಾವುದನ್ನೂ ನಾನು ಸುಲಭಕ್ಕೆ ಬಿಟ್ಟವಳಲ್ಲ. "ಹೋದ ಕಡೆಯಿಂದೆಲ್ಲಾ ಒಂದೊಂದ್ ಬ್ಯಾಗ್ ತತ್ತಾಳೆ. ತಲೇಲೇನ್ ತತ್ತಾಳೋ ಆ ದೇವ್ರಿಗೇ ಗೊತ್ತು" ಎಂದು ಅಮ್ಮ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಹೇಳುತ್ತ ಹೇಳುತ್ತಲೇ ಬ್ಯಾಗನ್ನು ಒಗೆದು ಒಣಗಿಸಿ ಮಡಿಸಿಡುತ್ತಿದ್ದಳು.

ಡೈರಿ ಬರೆಯುವ ಚಟವೂ ನನಗಿತ್ತು. ಸ್ಕೇಲಿಟ್ಟು ಗೆರೆ ಎಳೆದು ಕಾಲಂ ಮಾಡಿದ್ದೆ: ತಾರೀಖು, ವಿಷಯ, ಕರೆದ ಹೊತ್ತು, ಶುರುವಾದ ಹೊತ್ತು, ಊಟ, ಕಲಿತದ್ದು. ಈಗ ತೆಗೆದು ನೋಡಿದರೆ ಊಟದ ಕಾಲಮಿನ ಅಕ್ಷರಗಳು ಗೆರೆ ದಾಟಿ ಪಕ್ಕದ ಕಾಲಮಿಗೆ ನುಗ್ಗಿವೆ. ನುಗ್ಗಲು ಅಲ್ಲಿ ಬೇಕಾದಷ್ಟು ಜಾಗವೂ ಇತ್ತು. ವರ್ಷದ ಕೊನೆಗೆ ಎಷ್ಟು ಸಭೆಗಳಾದವೆಂದು ಕೂಡಿ, ಕೆಳಗೆ ಎರಡು ಗೆರೆ ಎಳೆಯುತ್ತಿದ್ದೆ. ಆ ಮೊತ್ತವನ್ನು ಹೇಳಿದರೆ ನನ್ನ ಮೇಲೆ ನಿಮಗಿರುವ ಅಷ್ಟಿಷ್ಟು ಗೌರವವೂ ಹೋದೀತು. ಇರಲಿ.

ಇದೆಲ್ಲ ಶುರುವಾದದ್ದು ನಾನು ಕಾಲೇಜೊಂದರ ಲೈಬ್ರರಿಯಲ್ಲಿ ತಾತ್ಕಾಲಿಕ ಕೆಲಸಕ್ಕೆ ಸೇರಿದ ಮೇಲೆ. ಕರೆಯೋಲೆಗಳು ಅಂಚೆಯಲ್ಲಿ ಬರುತ್ತಿದ್ದವು. ಅವನ್ನು ನೋಟಿಸು ಬೋರ್ಡಿಗೆ ಚುಚ್ಚುವುದು ನನ್ನ ಕೆಲಸ. ಎಲ್ಲದರ ಕೆಳಗೂ 'ಆಸಕ್ತರೆಲ್ಲರಿಗೂ ಆದರದ ಸ್ವಾಗತ' ಎಂದಿರುತ್ತಿತ್ತು. ಬೋರ್ಡಿನ ಮುಂದೆ ನಿಂತು ಓದುವವರು ಯಾರೂ ಇರಲಿಲ್ಲ. ಅಷ್ಟು ಆದರದಿಂದ ಕರೆದಿದ್ದಾರೆ, ಒಬ್ಬರೂ ಹೋಗದಿದ್ದರೆ ಹೇಗೆ ಎಂದು ನನಗೇ ಸಂಕಟವಾಗುತ್ತಿತ್ತು. ಆಸಕ್ತಿ ಯಾವುದರಲ್ಲಿ ಎಂದು ಕೇಳಿದ್ದರೆ ನನ್ನ ಹತ್ತಿರ ಉತ್ತರವಿರಲಿಲ್ಲ. ಹೋದ ಮೇಲೆ ಅಲ್ಲೇ ಹುಟ್ಟುತ್ತಿತ್ತು, ಸಂಜೆ ಬಸ್ಸಿನಲ್ಲಿ ತೂಕಡಿಸುವಾಗ ಮುಕ್ಕಾಲು ಪಾಲು ಇಳಿದುಹೋಗುತ್ತಿತ್ತು.

ಒಬ್ಬಳೇ ಗುಬ್ಬಿಗೋ ಕುಣಿಗಲ್‌ಗೋ ಹೋಗುವುದಕ್ಕೆ ಮನೆಯಲ್ಲಿ ಬಿಡುತ್ತಿರಲಿಲ್ಲ. ಆದ್ದರಿಂದ ಜೊತೆಗೆ ಅಕ್ಕ ಬರುತ್ತಿದ್ದಳು.

ಅಕ್ಕನ ಹೆಸರು ಗಿರಿಜಾ. ನನಗಿಂತ ಆರು ವರ್ಷ ದೊಡ್ಡವಳು, ಒಂದು ಗೇಣು ಎತ್ತರ. ಉಪ್ಪಾರಹಳ್ಳಿಯ ನಮ್ಮ ರಸ್ತೆ ಮೂಲೆಯಲ್ಲಿ ಎಸ್‌ಟಿಡಿ ಬೂತ್ ಇಟ್ಟಿದ್ದಳು. ಹಳದಿ ಬೋರ್ಡು, ಗಾಜಿನ ಬಾಗಿಲಿನ ಗೂಡು, ಒಳಗೆ ಫೋನು, ಹೊರಗೆ ಕೆಂಪು ಅಂಕಿ ಓಡುವ ಮೀಟರು. ಗಾಜಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲವಾಗಿ ಬಡಾವಣೆಯ ಸುಖದುಃಖವೆಲ್ಲ ಅವಳ ಕಿವಿಗೆ ಬೀಳುತ್ತಿತ್ತು. ಯಾರ ಮಗು ಯಾವ ಆಸ್ಪತ್ರೆಯಲ್ಲಿ ಹುಟ್ಟಿತು, ಯಾರಿಗೆ ವರ್ಗವಾಯಿತು, ಯಾರು ಯಾರೊಡನೆ ಮಾತು ಬಿಟ್ಟರು. "ಎಲ್ಲಾರ ಮಾತೂ ಕೇಳಿಸ್ಕೋತೀನಿ ಕಣೇ. ಹೊರಗೆ ಬಂದು ನನ್ನ ಕೇಳೋದು ಮಾತ್ರ ಒಂದೇ, 'ಎಷ್ಟಾಯ್ತು?'" ಎಂದು ಒಂದು ಸಲ ನಕ್ಕಿದ್ದಳು. ಭಾನುವಾರಗಳಂದು ಅಪ್ಪ ಬೂತಿನಲ್ಲಿ ಕೂರುತ್ತಿದ್ದರು. ಅಕ್ಕನಿಗೆ ಆ ಗೂಡಿನಿಂದ ಬಿಡುಗಡೆ ಸಿಗುವುದಾದರೆ ಎರೆಹುಳುವಿನ ಗೊಬ್ಬರವಾದರೂ ಸರಿ, ಹೊಟ್ಟೆ ಹಿಡಿದು ನಗುವವರ ಸಂಘವಾದರೂ ಸರಿ.

ಇನ್ನು ಕೆಲವು ಭಾನುವಾರ ಮನೆಯಲ್ಲೇ ಸಭೆ. ಅಕ್ಕನನ್ನು ನೋಡಲು ಕೋರದಿಂದ, ಗುಬ್ಬಿ ಕಡೆಯಿಂದ, ನಮ್ಮ ಹಳೆಯ ಊರಾದ ಊರ್ಡಿಗೆರೆಯ ನೆಂಟರ ಮೂಲಕ ಜನ ಬರುತ್ತಿದ್ದರು. ಉಪ್ಪಿಟ್ಟು, ಕೇಸರಿಬಾತು, ಕಾಫಿ. ಹುಡುಗಿ ಬಂದು ಕೂರುತ್ತಾಳೆ. ಬಂದವರು ಅಪ್ಪನ ಕಡೆ ತಿರುಗಿ, "ಹುಡ್ಗಿ ಏನ್ ಓದವ್ಳೆ?" ಎನ್ನುತ್ತಾರೆ. ಅಪ್ಪ ಹೇಳುತ್ತಾರೆ. "ನಕ್ಷತ್ರ?" ಅಪ್ಪ ಹೇಳುತ್ತಾರೆ. "ಅಡ್ಗೆ ಗಿಡ್ಗೆ?" ಅದಕ್ಕೆ ಅಮ್ಮ ಹೇಳುತ್ತಾಳೆ. ಕೊನೆಗೆ ಯಾರಾದರೂ ಹಿರಿಯರು "ಒಸಿ ಎದ್ ನಿಂತ್ಕೊಳವ್ವ" ಅನ್ನುತ್ತಿದ್ದರು. ಅಕ್ಕ ಏಳುತ್ತಿದ್ದಳು. ಏಳುತ್ತ ಏಳುತ್ತ ಮುಗಿಯುತ್ತಲೇ ಇರಲಿಲ್ಲ. ಹುಡುಗನ ಕಡೆಯವರೆಲ್ಲ ತಲೆ ಎತ್ತಿ ನೋಡಿ, ಆಮೇಲೆ ಹುಡುಗನನ್ನು ನೋಡಿ, ಆಮೇಲೆ ಗಡಿಯಾರ ನೋಡುತ್ತಿದ್ದರು. "ಊರಿಗೆ ಹೋಗಿ ತಿಳಿಸ್ತೀವಿ." ಊರು ಎಷ್ಟು ದೂರವೋ, ತಿಳಿಸಿದವರು ಕಡಿಮೆ.

ಇದು ವರ್ಷಗಟ್ಟಲೆ ನಡೆಯಿತು. ದಣಿವು ಎಂಬುದು ಓಡಿದವರಿಗೆ ಮಾತ್ರ ಬರುತ್ತದೆಂದು ನಾನು ತಿಳಿದಿದ್ದೆ. ಕುಳಿತಲ್ಲೇ ಕುಳಿತು, ನಿಲ್ಲು ಎಂದಾಗ ನಿಂತು ಬರುವ ದಣಿವನ್ನು ಅಕ್ಕನಲ್ಲಿ ನೋಡಿದೆ. ಒಂದು ಹೆಣ್ಣು ನೋಡುವ ಶಾಸ್ತ್ರ ಮುಗಿದ ಸಂಜೆ ಅವಳು ಸೀರೆಯನ್ನೂ ಬದಲಿಸದೆ ಹಾಗೇ ಗೋಡೆಗೆ ಒರಗಿ ನಿದ್ದೆ ಮಾಡಿಬಿಟ್ಟಿದ್ದಳು.

ಸಮ್ಮೇಳನಗಳ ದಣಿವು ಬೇರೆ ತರಹದ್ದು. ಅದನ್ನು ಅನುಭವಿಸಿದವರೇ ಬಲ್ಲರು. ಹತ್ತು ಗಂಟೆಗೆಂದು ಕರೆದಿರುತ್ತಾರೆ. ಹೋದರೆ ಹಾಲಿನಲ್ಲಿ ಶಾಮಿಯಾನದ ಅಂಗಡಿಯ ಹೆಸರು ಬರೆದ ಪ್ಲಾಸ್ಟಿಕ್ ಕುರ್ಚಿಗಳು ಒಂದರ ಮೇಲೊಂದು ಕೂತಿರುತ್ತವೆ. ಒಬ್ಬ 'ಹಲೋ ಮೈಕ್ ಟೆಸ್ಟಿಂಗ್' ಅನ್ನುತ್ತಿರುತ್ತಾನೆ. ಮುಖ್ಯ ಅತಿಥಿ ದಾರಿಯಲ್ಲಿರುತ್ತಾರೆ. ಅವರು ಸದಾ ದಾರಿಯಲ್ಲೇ ಇರುತ್ತಾರೆ. ಬಂದ ಮೇಲೆ ಪ್ರಾರ್ಥನೆ, ಸ್ವಾಗತ, ಹಾರ, ಶಾಲು. ದೀಪ ಹಚ್ಚಲು ಹೋದರೆ ಫ್ಯಾನಿನ ಗಾಳಿಗೆ ಬತ್ತಿ ಹತ್ತುವುದಿಲ್ಲ. ಫ್ಯಾನು ಆರಿಸಿದರೆ ಫೋಟೋದಲ್ಲಿ ಎಲ್ಲರೂ ಬೆವರುತ್ತಾರೆ. 'ಎರಡೇ ಎರಡು ಮಾತು ಆಡಿ ಮುಗಿಸುತ್ತೇನೆ' ಎಂದವರ ಮಾತನ್ನು ನಾನು ಆಮೇಲಾಮೇಲೆ ನಂಬುತ್ತಿರಲಿಲ್ಲ. ಅಷ್ಟು ಹೊತ್ತಿಗೆ ಹಿಂದಿನ ಬಾಗಿಲಿನಿಂದ ಬಿಸಿಬೇಳೆಬಾತಿನ ವಾಸನೆ ಬರುತ್ತದೆ. ನಿಜವಾಗಿ ವಿಷಯ ಗೊತ್ತಿರುವ ಒಬ್ಬ ಬಡಪಾಯಿ ಆ ವಾಸನೆಗೂ ಊಟಕ್ಕೂ ನಡುವೆ ಮಾತಾಡಿ ಮುಗಿಸಬೇಕು.

ಗುಬ್ಬಿಯ ಜೇನು ಶಿಬಿರದಲ್ಲಿ ಹೀಗೇ ಆಯಿತು. ಕಲ್ಯಾಣ ಮಂಟಪದ ವೇದಿಕೆಯ ಮೇಲೆ ಜೇನುಪೆಟ್ಟಿಗೆ ತಂದಿಟ್ಟಿದ್ದರು. ಉದ್ಘಾಟನೆ ಎಂದರೆ ದೀಪದ ಬದಲು ಪೆಟ್ಟಿಗೆಯ ಮುಚ್ಚಳ ತೆಗೆಯುವುದು ಎಂದು ಯಾರಿಗೋ ಹೊಳೆದಿತ್ತು. ಮುಖ್ಯ ಅತಿಥಿ ಮುಚ್ಚಳ ತೆಗೆದರು. ಕೊರಳಲ್ಲಿ ಸುಗಂಧರಾಜದ ದಪ್ಪ ಹಾರವಿತ್ತು. ಹುಳುಗಳು ಪೆಟ್ಟಿಗೆಯಿಂದ ಎದ್ದು ಹಾರದ ಮೇಲೆ ಕೂತವು. ಜೇನು ಸಾಕುವವರು ಮೆಲ್ಲಗೆ, "ಸಾರ್, ಹಾರ ತೆಗೀರಿ, ಹಾರ ತೆಗೀರಿ" ಅನ್ನುತ್ತಿದ್ದರು. ಅತಿಥಿಗಳು ಅಲ್ಲಾಡದೆ ನಿಂತು, "ಫೋಟೋದವ್ನೆಲ್ಲಿ?" ಎಂದು ಕೇಳುತ್ತಿದ್ದರು. ಧೈರ್ಯಕ್ಕೆ ಹಲವು ಕಾರಣಗಳಿರುತ್ತವೆ ಎಂದು ಅವತ್ತಿನ 'ಕಲಿತದ್ದು' ಕಾಲಮಿನಲ್ಲಿ ಬರೆದಿದ್ದೇನೆ.

ಅವತ್ತು ಅಕ್ಕನಿಗೊಂದು ಪ್ರಶ್ನೆಯಿತ್ತು. ಊರೆಲ್ಲ ಸುತ್ತಿ ಬರುವ ಹುಳುವಿಗೆ ಸಾಲಾಗಿಟ್ಟ ಪೆಟ್ಟಿಗೆಗಳಲ್ಲಿ ತನ್ನದು ಯಾವುದೆಂದು ಹೇಗೆ ಗೊತ್ತಾಗುತ್ತದೆ? ಕೈ ಎತ್ತಲು ಕಾಯುತ್ತಿದ್ದಳು. ನಿರೂಪಕರು ಮೈಕಿಗೆ ಬಂದು, "ಸಮಯದ ಅಭಾವದಿಂದ ಪ್ರಶ್ನೋತ್ತರವನ್ನು ಕೈಬಿಡಲಾಗಿದೆ. ಈಗ ವಂದನಾರ್ಪಣೆ" ಎಂದರು. ವಂದನಾರ್ಪಣೆ ಮಾಡಿದವರು ಕರೆಂಟು ತೆಗೆಯದಿದ್ದ ವಿದ್ಯುತ್ ಇಲಾಖೆಯಿಂದ ಹಿಡಿದು ಕುರ್ಚಿ ಜೋಡಿಸಿದವರವರೆಗೆ ಒಬ್ಬರನ್ನೂ ಬಿಡಲಿಲ್ಲ. ಅದಕ್ಕೆ ಸಮಯವಿತ್ತು.

"ಅಲ್ಲ ಕಣೇ, ಎಲ್ಲಾ ಕಡೇನೂ ಇದೇ ಆಯ್ತಲ್ಲ. ಕೇಳೋಕೆ ಅಂತ ಬಂದವ್ರನ್ನ ಕೇಳೋಕೆ ಬಿಡಲ್ಲ ಅಂದ್ರೇನರ್ಥ?" ಎಂದಳು ಅಕ್ಕ.

"ಕೇಳೋದು ಅಂದ್ರೆ ಕಿವೀಲಿ ಕೇಳಿಸ್ಕೊಳೋದು ಅಂತ ಅವ್ರ ಲೆಕ್ಕ" ಎಂದೆ ನಾನು.

ಅವಳು ಬಿಡಲಿಲ್ಲ. ಊಟದ ಸಾಲಿನಲ್ಲಿ ಆ ಜೇನು ಸಾಕುವವರ ಹಿಂದೆಯೇ ತಟ್ಟೆ ಹಿಡಿದು ನಿಂತು ಕೇಳಿದಳು. ಆತ ಸಾರು ಹಾಕಿಸಿಕೊಳ್ಳುವುದನ್ನು ಮರೆತರು. ಬರಿ ಅನ್ನದ ತಟ್ಟೆ ಹಿಡಿದುಕೊಂಡೇ, ಹೊಸ ಹುಳು ಮೊದಲ ದಿನಗಳಲ್ಲಿ ಪೆಟ್ಟಿಗೆಯ ಕಡೆಗೇ ಮುಖ ಮಾಡಿ ಹೇಗೆ ಹಾರಾಡುತ್ತದೆ, ಗುರುತು ಹಿಡಿಯುತ್ತದೆ ಎಂದು ಕೈಯಲ್ಲಿ ಗಾಳಿಯಲ್ಲಿ ಬರೆದು ತೋರಿಸಿದರು. ವೇದಿಕೆಯ ಮೇಲೆ ಕಾಗದ ನೋಡಿ ಓದಿದ ಮನುಷ್ಯ ಇವರೇನಾ ಎನ್ನಿಸಿತು.

ಆಮೇಲಿಂದ ಅಕ್ಕನಿಗೆ ಅದೇ ಕೆಲಸವಾಯಿತು. ತುಮಕೂರಿನಲ್ಲಿ ನಾಣ್ಯದವರ ಸಮ್ಮೇಳನದಲ್ಲಿ ಭೂತಗನ್ನಡಿ ಹಿಡಿದು ಕೂತಿದ್ದ ಮುದುಕರೊಬ್ಬರನ್ನು, "ಇದ್ಯಾಕೆ ಒಂದೇ ಕಡೆ ಇಷ್ಟು ಸವೆದಿದೆ?" ಎಂದು ಕೇಳಿದಳು. "ಕೂತ್ಕೊಳಮ್ಮ" ಎಂದು ಅವರು ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು. ಯಾರೋ ಅದನ್ನು ತಾಳಿಯ ಜೊತೆ ಪೋಣಿಸಿಕೊಂಡು ಬದುಕಿಡೀ ಎದೆಗೆ ಉಜ್ಜಿಸಿಕೊಂಡಿರಬೇಕು ಎಂಬಲ್ಲಿಂದ ಶುರುವಾಗಿ ಅವರ ಕಥೆ ತಮ್ಮ ತಾಯಿಯವರೆಗೂ ಬಂತು. ಹಾವುಗಳ ಬಗ್ಗೆ ಮಾತಾಡಿದವರು ಹಾವಿಗೆ ಹೊರಗಿವಿ ಇಲ್ಲ ಎಂದಾಗ ಅಕ್ಕ ನನ್ನ ಕಡೆ ಬಾಗಿ, "ನಮ್ಮನೆಗೆ ಬರೋ ಗಂಡಿನ ಕಡೆಯವ್ರ ಹಂಗೆ" ಎಂದಳು. ಕುದುರೆಗೆ ಹೆಸರಾದ ಕುಣಿಗಲ್‌ನಲ್ಲಿ ಜಾನುವಾರು ಸಾಕುವವರ ಶಿಬಿರವೊಂದಿತ್ತು. ಕುದುರೆಯ ಬಾಯಿ ಬಿಡಿಸಿ ಹಲ್ಲಿನಿಂದ ವಯಸ್ಸು ಹೇಳುವುದನ್ನು ಅಲ್ಲಿ ಚಿತ್ರಪಟದಲ್ಲಿ ತೋರಿಸಿದರು. ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಹೊರಗೆ ಬಂದು ಹೇಳಿದಳು: "ಹೋದ ತಿಂಗ್ಳು ಬಂದಿದ್ರಲ್ಲ, 'ಒಂದ್ ಹಾಡು ಹೇಳವ್ವ' ಅಂತ ಅಷ್ಟೊಂದು ಗಂಟು ಬಿದ್ರಲ್ಲ ಆಯಮ್ಮ. ನಾನು ಹಾಡಿದ್ರೆ ಅವ್ರು ಪಲ್ಲವಿ ಕೇಳ್ಲೇ ಇಲ್ಲ ಕಣೇ. ಬಗ್ಗಿ ಬಗ್ಗಿ ಬಾಯೊಳಗೇ ನೋಡ್ತಿದ್ರು."

ನಾವಿಬ್ಬರೂ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಕ್ಕು ಮುಗಿದ ಮೇಲೆ ಅವಳು ಚಪ್ಪಲಿ ಬಿಟ್ಟು ಕಾಲು ಚಾಚಿ, "ಸಾಕಾಗಿದೆ ಕಣೇ" ಎಂದಳು. ನಾನು ಸಮ್ಮೇಳನ ಸಾಕಾಗಿದೆ ಅಂದುಕೊಂಡೆ.

ಅವಳಿಗೆ ಸಾಕಾದದ್ದು ಯಾವುದು ಎಂದು ಗೊತ್ತಾದದ್ದು, ಅಪ್ಪ ಒಂದು ಕರೆಯೋಲೆ ತಂದ ದಿನ. ಕುಣಿಗಲ್‌ನಲ್ಲಿ ನಮ್ಮ ಜನಾಂಗದ ವಧು-ವರರ ಸಮಾವೇಶ. ಆಗ ಅದು ಹೊಸದಾಗಿ ಬಂದಿದ್ದ ಪದ್ಧತಿ. ಮನೆ ಮನೆಗೆ ಅಲೆಯುವುದು ಬೇಡ, ಗಂಡು ಹೆಣ್ಣು ಎಲ್ಲರೂ ಒಂದೇ ಕಡೆ ಸೇರಿ, ವೇದಿಕೆಗೆ ಬಂದು ತಮ್ಮ ಪರಿಚಯ ತಾವೇ ಹೇಳಿಕೊಳ್ಳುವುದು. ಒಪ್ಪಿಗೆಯಾದವರು ಕೌಂಟರಿನಲ್ಲಿ ವಿಳಾಸ ಪಡೆಯುವುದು.

ಅಪ್ಪ ಹೈಸ್ಕೂಲೊಂದರ ಆಫೀಸಿನಲ್ಲಿ ಗುಮಾಸ್ತರು. ಹೆಚ್ಚು ಮಾತಿನವರಲ್ಲ. ಅಕ್ಕನ ಫೋಟೋವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಊರೂರು ಸುತ್ತಿ ಸುತ್ತಿ, ಫೋಟೋದ ಅಂಚೂ ಅವರ ಮುಖವೂ ಒಂದೇ ಬಣ್ಣಕ್ಕೆ ಬಂದಿದ್ದವು. ಕರೆಯೋಲೆಯನ್ನು ಅಕ್ಕನ ಕೈಗೆ ಕೊಡಲಿಲ್ಲ, ಅಮ್ಮನ ಕೈಗೆ ಕೊಟ್ಟರು. "ಇದೊಂದಕ್ಕೆ ಹೋಗ್ಬರನ ಅನ್ನು."

ಅಕ್ಕ ಅಲ್ಲೇ ಇದ್ದಳು. "ಬರ್ತೀನಿ ಅಪ್ಪಾ" ಎಂದಳು. "ಆದ್ರೆ ಇದೇ ಕೊನೆ. ಇದಾದ್ಮೇಲೆ ನನ್ನ ಯಾರ ಮುಂದೇನೂ ಕೂರಿಸ್ಬಾರ್ದು, ನಿಲ್ಲಿಸ್ಬಾರ್ದು. ಆದ್ರೆ ಆಯ್ತು, ಇಲ್ದಿದ್ರೆ ಹಿಂಗೇ ಬೂತ್ ನೋಡ್ಕೊಂಡು ಇರ್ತೀನಿ. ನೀವು ಒಪ್ಕೋಬೇಕು."

ಅಮ್ಮ, "ಏನೇ ಹಂಗಂದ್ರೆ, ಬಾಯ್ಬುಟ್ಟು ಅನ್ನೋ ಮಾತೇನೇ ಇದು" ಎಂದು ಶುರು ಮಾಡಿದಳು. ಅಪ್ಪ ಕೈ ಎತ್ತಿ ತಡೆದರು. ಅಂಗಳದ ಕಡೆ ನೋಡುತ್ತ, "ಆಗ್ಲಿ ಬುಡು" ಎಂದರು. ಅಪ್ಪನಿಗೂ ಸಾಕಾಗಿತ್ತೆಂದು ಆ ಎರಡು ಪದ ಕೇಳಿದವರಿಗೆ ಗೊತ್ತಾಗುತ್ತಿತ್ತು. ಆದರೆ ಅಲ್ಲಿಂದ ಸಮಾವೇಶದವರೆಗೆ ಅವರು ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ಮಗಳಿಗೆ ಉಳಿದಿದ್ದ ಒಂದೇ ಬಾಗಿಲನ್ನು ತಾವೇ ಮುಚ್ಚುತ್ತಿದ್ದಾರೇನೋ ಎಂಬಂತಿದ್ದರು.

ಬೂತಿಗೆ ಬೀಗ ಹಾಕಿ ನಾಲ್ವರೂ ಹೋದೆವು. ಕಲ್ಯಾಣ ಮಂಟಪದ ಬಾಗಿಲಲ್ಲಿ ರೋಜಾ ಹೂವು, ಕಲ್ಲುಸಕ್ಕರೆ. ಹೆಣ್ಣಿಗೆ ಗುಲಾಬಿ ಬಣ್ಣದ ಬಿಲ್ಲೆ, ಗಂಡಿಗೆ ನೀಲಿ, ಮೇಲೆ ನಂಬರು. ಎಲ್ಲರ ವಿವರವನ್ನೂ ಅಚ್ಚು ಹಾಕಿಸಿದ ಪುಸ್ತಕ. ಹೊತ್ತಿಗೆ ಸರಿಯಾಗಿ ಶುರುವಾಗಲಿಲ್ಲ. ದೀಪ ಹತ್ತಲಿಲ್ಲ. ಶಾಲು ಹೊದಿಸಿದರು. ಅಭ್ಯಾಸಬಲದಿಂದ ನಾನು ಪುಸ್ತಕದ ಹಿಂದೆ ಕಾಲಂ ಎಳೆಯತೊಡಗಿದ್ದೆ. ಅಕ್ಕ ನನ್ನ ಮೊಣಕೈ ತಿವಿದು, "ಇದೂ ನಿನ್ ಲೆಕ್ಕಕ್ಕೆ ಸೇರುತ್ತೇನೇ?" ಎಂದಳು. ಪೆನ್ನು ಮುಚ್ಚಿದೆ.

ಒಂದು ಹೆಣ್ಣು, ಒಂದು ಗಂಡು, ಹೀಗೆ ಕರೆಯುತ್ತಿದ್ದರು. ಒಬ್ಬೊಬ್ಬರಿಗೆ ಎರಡು ನಿಮಿಷ, ಆಮೇಲೆ ಮೇಜಿನ ಮೇಲಿನ ಗಂಟೆ. ಬಂದವರು ತಲೆ ತಗ್ಗಿಸಿ, ಪುಸ್ತಕದಲ್ಲಿದ್ದದ್ದನ್ನೇ ಬಾಯಿಪಾಠ ಒಪ್ಪಿಸಿ ಇಳಿಯುತ್ತಿದ್ದರು. ಕೆಲವು ಹುಡುಗಿಯರ ಧ್ವನಿಯೇ ಹೊರಡುತ್ತಿರಲಿಲ್ಲ, ಆಗ ನಿರೂಪಕರೇ ಓದಿ ಮುಗಿಸುತ್ತಿದ್ದರು. ಕೆಳಗೆ ಕುಳಿತವರು ಬೆರಳಿಟ್ಟು ಪುಟ ತಿರುವುತ್ತಿದ್ದರು. ಪರೀಕ್ಷೆಯ ಹಾಲ್‌ನಲ್ಲಿರುವಂಥ ಒಂದು ಬಗೆಯ ಹೆದರಿಕೆ ಅಲ್ಲೆಲ್ಲ ಹರಡಿತ್ತು.

ಅಕ್ಕನ ನಂಬರು ಕರೆದರು. ಅವಳು ಮೆಟ್ಟಿಲು ಹತ್ತಿ ಹೋಗಿ ನಿಂತಾಗ ಮೈಕು ಅವಳ ಎದೆಯ ಹತ್ತಿರವಿತ್ತು. ಹಿಂದಿನವರೆಲ್ಲ ಅದಕ್ಕೆ ಬಾಗಿದ್ದರು. ಅವಳು ಬಾಗಲಿಲ್ಲ. ಕಾದಳು. ನಿರೂಪಕರು ಬಂದು ತಿರುಪು ಸಡಿಲಿಸಿ, ಮೈಕನ್ನು ಎತ್ತಿ, ಎತ್ತಿ, ಬಿಗಿ ಮಾಡಿದರು. ಎಲ್ಲೋ ಯಾರೋ ಕಿಸಕ್ಕೆಂದರು. ಅಪ್ಪ ನೆಲ ನೋಡಿದರು.

"ನಮಸ್ಕಾರ. ನನ್ನ ಹೆಸರು ಗಿರಿಜಾ, ತುಮಕೂರು. ಎಸ್‌ಟಿಡಿ ಬೂತ್ ನಡೆಸ್ತೀನಿ. ವಯಸ್ಸು, ಎತ್ತರ, ನಕ್ಷತ್ರ ಎಲ್ಲಾ ಪುಸ್ತಕದಲ್ಲಿ ಹಾಕಿದಾರೆ, ಎತ್ತರ ಈಗ ಕಾಣಿಸ್ತಾನೂ ಇದೆ. ಅದನ್ನೇ ಮತ್ತೆ ಓದಿ ನಿಮ್ಮ ಟೈಮು ತಗೊಳಲ್ಲ. ನಂಗೆ ಉಳಿದಿರೋ ಟೈಮಲ್ಲಿ ಯಾರಾದ್ರೂ ಏನಾದ್ರೂ ಕೇಳೋದಿದ್ರೆ ಕೇಳ್ಬೋದು."

ಪುಟ ತಿರುವುತ್ತಿದ್ದವರು ಬೆರಳನ್ನು ಅಲ್ಲೇ ಇಟ್ಟು ತಲೆ ಎತ್ತಿದರು. ಇಷ್ಟು ವರ್ಷ ಸಭೆಗಳಲ್ಲಿ ಕೂತು ಕೂತು ನಾವು ಕಲಿತ ಕೆಟ್ಟ ಚಾಳಿ ಇದು, ಸಭೆ ಎಂದ ಮೇಲೆ ಪ್ರಶ್ನೆ ಇರಬೇಕೆಂದು ತಿಳಿಯುವುದು. ಹೆಣ್ಣು ತೋರಿಸುವ ಕಡೆ ಅಂಥದೊಂದು ಏರ್ಪಾಡು ಇರುವುದಿಲ್ಲ.

ನಿರೂಪಕರು ಗಾಬರಿಯಾಗಿ, "ಅಮ್ಮಾ, ಹಂಗೆಲ್ಲಾ ಇಲ್ಲಮ್ಮ ಇಲ್ಲಿ" ಎಂದರು.

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಎದ್ದು ನಿಂತಿತು. "ಮುದ್ದೆ ತಿರುವಕ್ ಬತ್ತದಾ ಮಗಾ?"

"ಬತ್ತದೆ ಅಜ್ಜಿ. ಒಂದೊಂದ್ಸಲ ಗಂಟಾಯ್ತದೆ."

"ನಂದೂ ಗಂಟಾಯ್ತದೆ ಬುಡು" ಎಂದು ಅಜ್ಜಿ ಕೂತಿತು. ಸಭೆಯೆಲ್ಲ ನಕ್ಕಿತು. ಮುಂದಿನ ಸಾಲಿನಲ್ಲಿದ್ದ ಜರತಾರಿ ಸೀರೆಯ ಹೆಂಗಸೊಬ್ಬರು ಕೂತಲ್ಲಿಂದಲೇ, "ನಮ್ ಹುಡ್ಗ ಬೇರೆ ಊರಲ್ಲವ್ನೆ. ಮದ್ವೆ ಆದ್ಮೇಲೆ ಬೂತ್ ಬುಡ್ತೀಯೋ ಹೆಂಗೆ?" ಎಂದರು.

"ಅದನ್ನ ನಿಮ್ ಹುಡುಗನೇ ಕೇಳಿದ್ರೆ ಹೇಳ್ತೀನಿ ಅಮ್ಮಾ."

ನಗು ನಿಂತುಹೋಯಿತು. ಆ ಹೆಂಗಸು ಪುಸ್ತಕ ಮುಚ್ಚಿ ಬೀಸಿಕೊಳ್ಳತೊಡಗಿದರು. ಗಂಟೆ ಹೊಡೆಯಿತು. ಅಕ್ಕ ಕೈ ಮುಗಿದು ಇಳಿದು ಬಂದಳು. ನನ್ನ ಪಕ್ಕ ಕೂತಳು.

ಮುಂದೆ ಬಂದವನು ಗುಬ್ಬಿಯ ಒಬ್ಬ ಹುಡುಗ. ಹುಡುಗ ಎಂದೆ, ತಲೆಯ ಮುಂಭಾಗ ಖಾಲಿಯಾಗುತ್ತಿತ್ತು. ಅಕ್ಕನ ಎತ್ತರಕ್ಕೆ ಬಿಗಿದ ಮೈಕನ್ನು ಇಳಿಸಬೇಕೆಂದು ಯಾರಿಗೂ ನೆನಪಾಗಲಿಲ್ಲ. ಆತ ತುದಿಗಾಲಿನಲ್ಲಿ ನಿಂತು, ಹೆಸರು ಹೇಳಿ, ಬೆವರೊರೆಸಿಕೊಂಡು, "ನಂದೂ... ನಂದೂ ಎಲ್ಲಾ ಪುಸ್ತಕದಲ್ಲೈತೆ. ಕೇಳೋರಿದ್ರೆ ಕೇಳಿ" ಎಂದುಬಿಟ್ಟ. ಮತ್ತೆ ನಗು.

ಅಕ್ಕ ಎದ್ದು ನಿಂತಳು. ಅಮ್ಮ ಅವಳ ಸೆರಗು ಹಿಡಿದು ಎಳೆದಳು. ಸೆರಗು ಅಮ್ಮನ ಕೈಯಲ್ಲೇ ಉಳಿಯಿತು, ಅಕ್ಕ ಕೂರಲಿಲ್ಲ.

"ಅಲ್ಲಿ ನಿಂತ್ಕೊಂಡ್ರೆ ನಿಮ್ಗೆ ಹೆಂಗನ್ನಿಸ್ತಿದೆ?"

ಆತ ಯೋಚಿಸಿದ. ನಿಜವಾಗಿ ಯೋಚಿಸಿದ, ನಾನು ನೋಡಿದೆ. "ಕಾಲು ನಡುಗ್ತಾವೆ ಮೇಡಂ. ಸಂತೇಲಿ ನಿಲ್ಸಿದಂಗೈತೆ."

ಅಷ್ಟೇ. ಪದಾಧಿಕಾರಿಗಳೊಬ್ಬರು ಧಾವಿಸಿ ಬಂದು ಮೈಕು ಹಿಡಿದು, ಸಮಯದ ಅಭಾವದಿಂದ ಇನ್ನು ಮುಂದೆ ಪ್ರಶ್ನೆಗಳಿಗೆ ಅವಕಾಶವಿರುವುದಿಲ್ಲ ಎಂದು ಪ್ರಕಟಿಸಿದರು. ಆತನ ತಾಯಿ ಮೆಟ್ಟಿಲ ಹತ್ತಿರವೇ ಕಾದಿದ್ದು ಮಗನ ತೋಳು ಹಿಡಿದು ಕರೆದುಕೊಂಡು ಹೋದರು. ಕಥೆ ಓದಿ ಅಭ್ಯಾಸವಿರುವವರು ಇಲ್ಲಿ ಏನನ್ನೋ ಕಾಯುತ್ತಿರುತ್ತೀರಿ, ಆದ್ದರಿಂದ ಹೇಳಿಬಿಡುತ್ತೇನೆ: ಆ ಕಡೆಯಿಂದ ಅವತ್ತೂ ಯಾರೂ ಬರಲಿಲ್ಲ, ಆಮೇಲೂ ಬರಲಿಲ್ಲ. ಊಟವಾದ ಮೇಲೆ ಅಪ್ಪ ಕೌಂಟರಿನ ಪಕ್ಕದ ಕಂಬಕ್ಕೆ ಒರಗಿ, ನಮ್ಮ ನಂಬರನ್ನು ಯಾರಾದರೂ ಕೇಳುತ್ತಾರೇನೋ ಎಂದು ಕೊನೆಯ ಕುರ್ಚಿ ಎತ್ತುವವರೆಗೂ ನಿಂತಿದ್ದರು. ಊಟಕ್ಕೆ ಏನಿತ್ತೆಂದು ನನಗೆ ನೆನಪಿಲ್ಲ. ಡೈರಿಯಲ್ಲೂ ಇಲ್ಲ.

ಬಿಸಿಲಿನ್ನೂ ಇಳಿದಿರಲಿಲ್ಲ. ತುಮಕೂರಿನ ಬಸ್ಸಿನಲ್ಲಿ ಅಪ್ಪ ಮತ್ತು ಅಕ್ಕ ಒಂದು ಸೀಟಿನಲ್ಲಿ, ಅವರ ಹಿಂದೆ ಅಮ್ಮ ಮತ್ತು ನಾನು. ಅಮ್ಮ ಕಣ್ಣು ಮುಚ್ಚಿಕೊಂಡಿದ್ದಳು, ನಿದ್ದೆಯಲ್ಲ. ಬಸ್ಸು ಕುಣಿಗಲ್ ಕೆರೆಯ ಏರಿ ದಾಟಿತು.

"ಮುಗೀತಲ್ಲ ಅಪ್ಪಾ" ಎಂದಳು ಅಕ್ಕ.

"ಹ್ಞೂಂ. ಮಾತು ಕೊಟ್ಟಿವ್ನಲ್ಲ. ಮುಗೀತು ಬುಡು."

ಅಪ್ಪ ಜೇಬಿಗೆ ಕೈ ಹಾಕಿ ಫೋಟೋ ತೆಗೆದು ಅವಳ ಕೈಗೆ ಕೊಟ್ಟರು. ಅವಳು ಅದನ್ನು ನೋಡದೆ ಪರ್ಸಿನೊಳಗೆ ಹಾಕಿಕೊಂಡಳು. ಬಸ್ಸು ನಿಂತಿತು, ಜನ ಇಳಿದರು, ಹತ್ತಿದರು, ಮತ್ತೆ ಹೊರಟಿತು. ಅಪ್ಪ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು, ಆ ಕಂಬಿಗೇ ಹೇಳುವ ಹಾಗೆ ಹೇಳಿದರು:

"ಆ ಹುಡ್ಗನ್ನ ಕೇಳ್ದಲ್ಲ, ಹೆಂಗನ್ನಿಸ್ತದೆ ಅಂತ."

"ಹ್ಞೂಂ."

"ನಿನ್ನ ಯಾರೂ ಕೇಳ್ನಿಲ್ಲ."

"ಇಲ್ಲ."

ಅಪ್ಪ ಅವಳ ಕಡೆ ತಿರುಗಿದರು. ಅಪ್ಪ ಹಾಗೆ ಪೂರ್ತಿ ತಿರುಗಿ ಅಕ್ಕನ ಮುಖ ನೋಡಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿದ್ದರೆ ನನಗೆ ನೆನಪಿಲ್ಲ. "ಹೆಂಗನ್ನಿಸ್ತದಮ್ಮಾ ನಿಂಗೆ? ಇವತ್ತು ಅಂತಲ್ಲ. ಇಷ್ಟ್ ವರ್ಷನೂವೆ."

ಅಕ್ಕ ಕಿಟಕಿಯ ಕಡೆ ನೋಡಿದಳು. ಹೇಳುವುದಿಲ್ಲವೇನೋ ಅಂದುಕೊಂಡೆ. 'ಏನೂ ಇಲ್ಲ ಅಪ್ಪಾ' ಎಂದು ಮುಗಿಸಿಬಿಡುತ್ತಾಳೆ, ನಮ್ಮ ಮನೆಯಲ್ಲಿ ಎಲ್ಲರೂ ಹಾಗೇ ಮುಗಿಸುವುದು. ಆಮೇಲೆ ಅವಳು ಹೇಳಲು ಶುರು ಮಾಡಿದಳು. ಎಂಜಿನ್ನಿನ ಸದ್ದಿನಲ್ಲಿ ನನಗೆ ಕೇಳಿಸಿದ್ದು ಅಲ್ಲೊಂದು ಇಲ್ಲೊಂದು ಪದ, ಕೇಳಿಸಿದಷ್ಟನ್ನೂ ನಾನು ಎಲ್ಲೂ ಬರೆದಿಟ್ಟಿಲ್ಲ. ಹೆಬ್ಬೂರು ಬಂತು, ಹೋಯಿತು. ಅಕ್ಕ ಹೇಳುತ್ತಲೇ ಇದ್ದಳು. ಅಪ್ಪ 'ಹ್ಞೂಂ' ಅನ್ನುತ್ತಿದ್ದರು, ನಡುವೆ ಒಂದೊಂದು ಸಲ 'ಆಮೇಕೆ?' ಎಂದು ಕೇಳುತ್ತಿದ್ದರು. ಅಮ್ಮ ಕಣ್ಣು ಬಿಟ್ಟು ಮುಂದಿನ ಸೀಟಿನ ಕಡೆಗೆ ಬಾಗಿದಳು.

ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿತು. ಜನ ಎಲ್ಲ ಇಳಿದುಹೋದರು. ಕಂಡಕ್ಟರ್ ಹಿಂದಿನಿಂದ ಸೀಟು ತಟ್ಟುತ್ತ ಬಂದ. "ಲಾಸ್ಟ್ ಸ್ಟಾಪು, ಇಳೀರಿ ಇಳೀರಿ. ಏನ್ ಯಜಮಾನ್ರೇ, ಗಾಡಿ ಡಿಪೋಗೆ ಹೋಗ್ಬೇಕು, ಏಳಿ."

ಅಪ್ಪ ಅವನ ಕಡೆ ತಿರುಗಲಿಲ್ಲ. ಅಂಗೈಯೊಂದನ್ನು ಎತ್ತಿ ಹಿಡಿದರು.

"ಒಸಿ ತಡ್ಕೊಳಪ್ಪಾ. ಮಗ್ಳು ಮಾತಾಡ್ತವ್ಳೆ."